ಚಳಿ ಕೇಳುವ ಹೂವು, ಚಳಿ ಇಲ್ಲದ ಊರು: ನಂದಿ ಬೆಟ್ಟದ ಸುತ್ತ ಒಂದು ಪಿಯೊನಿ ಕಥೆ

ಎಪಿಸೋಡ್ ಪೂರ್ತಿ ಕೇಳೋಕೆ ಸಮಯ ಇಲ್ಲದವರಿಗೆ ಇದು ಬರಹ ರೂಪ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಹೋದ ವರ್ಷ ಚಿಂತಾಮಣಿಯಿಂದ ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು. ತಿಳಿ ಗುಲಾಬಿ ಬಣ್ಣದ, ಬೊಗಸೆ ತುಂಬುವಷ್ಟು ದೊಡ್ಡ ಹೂವು. ಯಾರದೋ ಮದುವೆ ರಿಸೆಪ್ಷನ್ ಸ್ಟೇಜ್ ಮೇಲಿದ್ದದ್ದಂತೆ. "ಇದರ ಹೆಸರೇನು ನೋಡಪ್ಪಾ, ನಮ್ಮ ಮಾಳಿಗೆ ಮೇಲೆ ಕುಂಡದಲ್ಲಿ ಬರುತ್ತಾ?" ಅಂದ್ರು. ಹೆಸರು ಹುಡುಕಿದೆ, ಪಿಯೊನಿ. ಬರುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ಈ ಎಪಿಸೋಡ್ ಆಯ್ತು.

ಮೊದಲು ಚಿಕ್ಕಮ್ಮನ ಬಗ್ಗೆ ಎರಡು ಮಾತು. ಅವರ ಮನೇಲಿ ಒಂದು ಎಕರೆ ಸೇವಂತಿಗೆ ಇಡ್ತಿದ್ರು. ಬೆಳಗಿನ ಜಾವ ಕಿತ್ತು, ಮೂಟೆ ಕಟ್ಟಿ, ಮಾರ್ಕೆಟ್‌ಗೆ ಹಾಕೋದು. ಬೋರ್‌ವೆಲ್ ಕೈ ಕೊಟ್ಟ ಮೇಲೆ ಅದು ನಿಂತಿತು. ಸಾವಿರ ಅಡಿ ಕೊರೆಸಿ ಧೂಳು ಬಂದ ಕಥೆ ನಮ್ಮ ಜಿಲ್ಲೆಯಲ್ಲಿ ಮನೆಗೊಂದು ಇದೆ, ಹೊಸದಾಗಿ ಹೇಳೋದೇನಿಲ್ಲ. ಈಗ ಇರೋದು ಮಾಳಿಗೆ ಮೇಲಿನ ಹದಿನೈದು ಕುಂಡ. ಯಾಕೆ ಈ ಹೂವೇ ಬೇಕು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: "ಇಪ್ಪತ್ತು ವರ್ಷ ಹೂವು ತೂಕ ಹಾಕಿದ್ದೀನಿ ಕಣಪ್ಪಾ. ತೂಕ ಹಾಕದೇ ಇರೋ ಹೂವು ಒಂದು ಬೇಕು."

ಸರಿ, ಈ ಹೂವು ಎಲ್ಲಿಂದ ಬಂತು? ಪೊದೆಯಾಗಿ ಬೆಳೆಯೋ ಮರ-ಪಿಯೊನಿಯ ತವರು ಚೀನಾ. ಅಲ್ಲಿ ಅದರ ಹೆಸರು ಮುದಾನ್. ಲುವೊಯಾಂಗ್ ಅನ್ನೋ ಊರಿಗೂ ಈ ಹೂವಿಗೂ ನಮ್ಮ ಮೈಸೂರಿಗೂ ಮಲ್ಲಿಗೆಗೂ ಇರೋ ನಂಟಿದೆ. 11ನೇ ಶತಮಾನದಲ್ಲೇ ಒಯಾಂಗ್ ಶಿಯು ಅನ್ನೋ ವಿದ್ವಾಂಸ ಲುವೊಯಾಂಗ್‌ನ ಪಿಯೊನಿಗಳ ಮೇಲೆ ಒಂದು ಪುಸ್ತಕ ಬರೆದಿದ್ದ. ಒಂದು ದಂತಕಥೆನೂ ಇದೆ. ಚಕ್ರವರ್ತಿನಿ ವು ಝೆಟಿಯಾನ್ ನಡು ಚಳಿಗಾಲದಲ್ಲಿ ಎಲ್ಲ ಹೂವೂ ಅರಳಬೇಕು ಅಂತ ಅಪ್ಪಣೆ ಮಾಡಿದಳಂತೆ. ಎಲ್ಲವೂ ಅರಳಿದವು, ಪಿಯೊನಿ ಮಾತ್ರ ಅರಳಲಿಲ್ಲ. ಸಿಟ್ಟಿಗೆ ಅದನ್ನ ರಾಜಧಾನಿಯಿಂದ ಲುವೊಯಾಂಗ್‌ಗೆ ಗಡೀಪಾರು ಮಾಡಿದಳು. ಕಥೆ ಕಟ್ಟಿದವರಿಗೆ ಗಿಡದ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ. ಇದು ಯಾರ ಮಾತೂ ಕೇಳದ ಗಿಡ.

ಯುರೋಪ್‌ನಲ್ಲೂ ಬೇರೆ ಜಾತಿಯ ಪಿಯೊನಿ ಹಿಂದಿನಿಂದಲೇ ಇತ್ತು, ಆದರೆ ಔಷಧವಾಗಿ. ಗ್ರೀಕ್ ವೈದ್ಯ ಗ್ಯಾಲೆನ್ ಇದರ ಬೇರನ್ನ ಮೂರ್ಛೆರೋಗದ ಹುಡುಗನ ಕೊರಳಿಗೆ ಕಟ್ಟಿದ್ದನ್ನ ಬರೆದಿದ್ದಾನೆ. ನಮ್ಮ ತಾಯತದ ಹಾಗೆ. ಆ ವೈದ್ಯವೇ ಅರಬ್ಬರ ಮೂಲಕ ಯುನಾನಿಯಾಗಿ ನಮ್ಮ ದೇಶಕ್ಕೂ ಬಂತು. ಯುನಾನಿಯಲ್ಲಿ ಈ ಬೇರಿನ ಹೆಸರು ಊದ್ ಸಲೀಬ್. ಭಾರತಕ್ಕೂ ತನ್ನದೇ ಪಿಯೊನಿ ಇದೆ. ಕಾಶ್ಮೀರ, ಉತ್ತರಾಖಂಡದ ಕಡೆ ಕಾಡಲ್ಲಿ ಬೆಳೆಯೋ ಬಿಳಿ ಹೂವಿನ ಪಿಯೊನಿಯಾ ಎಮೋಡಿ. ಅಂದ್ರೆ ಹೂವು ನಮ್ಮ ಕಡೆ ಕಾಲಿಡದಿದ್ರೂ, ಬೇರು ಹಕೀಮರ ಡಬ್ಬಿಯಲ್ಲಿ ಒಣಗಿದ ರೂಪದಲ್ಲಿ ದಕ್ಷಿಣದವರೆಗೂ ಬಂದಿದೆ.

ಈಗ ನಂದಿ ಬೆಟ್ಟಕ್ಕೆ ಬರೋಣ. 1787ರಲ್ಲಿ ಲಂಡನ್ ಹತ್ತಿರದ ಕ್ಯೂ ಉದ್ಯಾನಕ್ಕೆ ಚೀನಾದ ಮರ-ಪಿಯೊನಿ ಬೇಕು ಅಂತ ಜೋಸೆಫ್ ಬ್ಯಾಂಕ್ಸ್ ಹಟ ಹಿಡಿದ. ತರಿಸೋ ಕೆಲಸ ಬಿದ್ದದ್ದು ಕ್ಯಾಂಟನ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಮೇಲೆ. ನಾಲ್ಕೇ ವರ್ಷ ಆದ ಮೇಲೆ, 1791ರ ಅಕ್ಟೋಬರ್‌ನಲ್ಲಿ, ಅದೇ ಕಂಪನಿಯ ಸೈನ್ಯ ಕಾರ್ನ್‌ವಾಲಿಸ್ ಕಾಲದಲ್ಲಿ ಟಿಪ್ಪುವಿನ ನಂದಿದುರ್ಗವನ್ನ ಹಿಡೀತು. ಒಂದೇ ಕಂಪನಿ, ಒಂದು ಕೈಯಲ್ಲಿ ಹೂವಿನ ಬೇರು, ಇನ್ನೊಂದು ಕೈಯಲ್ಲಿ ಫಿರಂಗಿ. ನಾನು ಬಿ.ಕಾಂ. ಓದಿದವನು. ಕಂಪನಿ ಲಾ ಪಾಠದಲ್ಲಿ ಇದನ್ನೆಲ್ಲ ಹೇಳಿಕೊಡಲ್ಲ.

ಆಮೇಲೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಂದಿ ಬೆಟ್ಟದ ಮೇಲೆ ಬೇಸಿಗೆಗೆ ಮನೆ ಕಟ್ಟಿಸಿಕೊಂಡ. ಆತ ಹುಟ್ಟಿದ್ದು ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಬೆಟ್ಟದ ಎತ್ತರ ಸುಮಾರು 1,478 ಮೀಟರ್. ಬೆಳಗಿನ ಮಂಜು, ತಣ್ಣನೆ ಗಾಳಿ, ಊರು ನೆನಪಾಗೋಕೆ ಅಷ್ಟು ಸಾಕು. ಆದರೆ ಊರಿಗೆ ವಾಪಸ್ ಹೋಗೋಕೆ ಆಗಲೇ ಇಲ್ಲ. 1861ರಲ್ಲಿ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡ.

ಮನುಷ್ಯನಿಗೆ ಊರಿನ ನೆನಪಾಗೋಷ್ಟು ಚಳಿ, ಗಿಡಕ್ಕೆ ಸಾಲಲ್ಲ. ಕಥೆಯ ಗಂಟು ಇರೋದು ಇಲ್ಲೇ. ಪಿಯೊನಿಯ ಗೆಡ್ಡೆ ಬೇರಿನ ಮೇಲೆ ಕೆಂಪು ಮೊಳಕೆ ಇರುತ್ತೆ, ಅದನ್ನ ಕಣ್ಣು ಅಂತಾರೆ. ನಾಲ್ಕೈದು ಡಿಗ್ರಿ ಆಸುಪಾಸಿನ ಚಳಿಯಲ್ಲಿ ಅದು ಹಲವು ವಾರ ನಿದ್ದೆ ಮಾಡಬೇಕು. ಆ ನಿದ್ದೆ ಮುಗಿದ್ರೆ ಮಾತ್ರ ಸರಿಯಾಗಿ ಚಿಗುರಿ ಮೊಗ್ಗು ಬಿಡುತ್ತೆ. ನಮ್ಮ ಬಯಲಲ್ಲಿ ರಾತ್ರಿ 10 ಡಿಗ್ರಿಗೆ ಇಳಿದ್ರೆ ಅದೇ ಪೇಪರ್‌ನಲ್ಲಿ ಸುದ್ದಿ. ಮಧ್ಯಾಹ್ನ ಮತ್ತೆ ಬಿಸಿಲು. ನಿದ್ದೆ ಹತ್ತೋದೇ ಇಲ್ಲ.

ಹಾಗಂತ ನಮ್ಮ ಜಿಲ್ಲೆಯವರು ಚಳಿಗೆ ಸೋತವರಲ್ಲ. ಇದನ್ನ ಓದ್ತಾ ಓದ್ತಾ ನನಗೇ ಆಶ್ಚರ್ಯ ಆಯ್ತು. ಶಿಡ್ಲಘಟ್ಟದ ರೇಷ್ಮೆ ತಗೊಳ್ಳಿ. ನಮ್ಮ ಹಳೆ ಮೈಸೂರು ತಳಿಯ ಹುಳುವಿಗೆ ಚಳಿ ಬೇಕಿಲ್ಲ, ವರ್ಷಪೂರ್ತಿ ಮೊಟ್ಟೆ ಒಡೆಯುತ್ತೆ. ಆದರೆ ಬೈವೋಲ್ಟೀನ್ ತಳಿ ಚಳಿ ದೇಶದ್ದು. ಅದರ ಮೊಟ್ಟೆ ಪಿಯೊನಿ ಥರಾನೇ ಚಳಿಗಾಲದ ನಿದ್ದೆ ಕೇಳುತ್ತೆ. ಅದಕ್ಕೆ ಮೊಟ್ಟೆಗಳನ್ನ ಶೀತಲಗೃಹದಲ್ಲಿ ಇಡ್ತಾರೆ, ಇಲ್ಲಾ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ ನಿದ್ದೆಗೆ ಹೋಗದ ಹಾಗೆ ಮಾಡ್ತಾರೆ. ಆಸಿಡ್‌ನಲ್ಲಿ ಮೊಟ್ಟೆ! ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ.

ದ್ರಾಕ್ಷಿನೂ ಹಾಗೇ. 2013ರಲ್ಲಿ ಜಿಐ ಟ್ಯಾಗ್ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯ ವಂಶದಲ್ಲಿ ಅಮೆರಿಕದ ಕಾಡು ದ್ರಾಕ್ಷಿ ಇದೆ. ಅಲ್ಲಿ ಹಿಮ ಬಿದ್ದು ಬಳ್ಳಿ ಮಲಗುತ್ತೆ. ಇಲ್ಲಿ ಹಿಮ ಇಲ್ಲ, ಆದ್ದರಿಂದ ದ್ರಾಕ್ಷಿ ಬೆಳೆಗಾರರ ಕತ್ತರಿಯೇ ಚಳಿಗಾಲ. ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸ್ತಾರೆ. ಕಣ್ಣು ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚೋದೂ ಉಂಟು.

ಸೇವಂತಿಗೆಗೆ ಬೇಕಾದ್ದು ಚಳಿಗಿಂತ ಹೆಚ್ಚಾಗಿ ಉದ್ದದ ರಾತ್ರಿ. ಹಗಲು-ರಾತ್ರಿಯ ಉದ್ದ ನೋಡಿ ಗಿಡ ಹೂ ಬಿಡುತ್ತೆ ಅನ್ನೋದನ್ನ 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ತೋರಿಸಿದ್ರು. ಇವತ್ತು ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್‌ನಲ್ಲಿ ಹೋದ್ರೆ ಹೊಲದಲ್ಲಿ ಸಾಲು ಸಾಲು ಬಲ್ಬ್ ಉರಿಯೋದು ಕಾಣುತ್ತೆ. ಅದು ಜಾತ್ರೆ ಅಲ್ಲ, ಸೇವಂತಿಗೆ. ಬೆಳಕು ಕೊಟ್ಟು ಗಿಡಕ್ಕೆ ಇನ್ನೂ ಹಗಲು ಅಂತ ನಂಬಿಸಿ, ಹಬ್ಬದ ರೇಟಿಗೆ ಸರಿಯಾಗಿ ಹೂ ಬಿಡಿಸ್ತಾರೆ. ಚಿಕ್ಕಮ್ಮ ಇದನ್ನ ವರ್ಷಗಟ್ಟಲೆ ಮಾಡಿದ್ದಾರೆ, ಗಾರ್ನರ್ ಹೆಸರು ಕೇಳದೇನೇ.

ಹಾಗಾದ್ರೆ ಪಿಯೊನಿಗೆ ಯಾರೂ ಇಂಥ ಉಪಾಯ ಯಾಕೆ ಹುಡುಕಲಿಲ್ಲ? ನನ್ನ ಪ್ರಕಾರ ಉತ್ತರ ಲೆಕ್ಕದಲ್ಲಿದೆ. ರೇಷ್ಮೆಗೆ ಮಾರ್ಕೆಟ್ ಇದೆ, ದ್ರಾಕ್ಷಿಗೆ ಇದೆ, ಸೇವಂತಿಗೆಗೆ ಇದೆ. ಪಿಯೊನಿ ನೆಟ್ಟ ಮೂರನೇ ವರ್ಷಕ್ಕೆ ಸರಿಯಾಗಿ ಹೂ ಬಿಡೋ ಗಿಡ. ವರ್ಷಕ್ಕೆ ಕೆಲವೇ ವಾರ ಹೂವು. ಮೊಳ, ಮಾರು ಲೆಕ್ಕದಲ್ಲಿ ಕಟ್ಟಿ ಮಾರೋಕೂ ಬರಲ್ಲ. ಲಾಲ್‌ಬಾಗ್‌ಗೆ 1858ರಲ್ಲಿ ಕ್ಯೂನಿಂದ ಬಂದ ವಿಲಿಯಂ ನ್ಯೂ, 1874ರಲ್ಲಿ ಬಂದ ಜಾನ್ ಕ್ಯಾಮೆರಾನ್, ಇವರ ಮುಖ್ಯ ಕೆಲಸವೇ ಇಲ್ಲಿ ಬೆಳೆದು ಕಾಸು ಹುಟ್ಟೋ ಗಿಡ ಯಾವುದು ಅಂತ ಪರೀಕ್ಷೆ ಮಾಡೋದು. 1908ರಲ್ಲಿ ಬಂದ ಕ್ರುಂಬಿಗಲ್ ಡ್ರೆಸ್ಡನ್ ಸೀಮೆಯವರು, ಕ್ಯೂನಲ್ಲಿ ದುಡಿದವರು. ಪಿಯೊನಿ ನೋಡದೇ ಇರೋಕೆ ಸಾಧ್ಯವಿಲ್ಲ. ಆದರೆ ಒಂದಾದ ಮೇಲೊಂದು ಹೂ ಬಿಡೋ ಬೆಂಗಳೂರಿನ ರಸ್ತೆಗಳು ಅಂತ ಇವತ್ತು ಅವರ ಹೆಸರಿಗೆ ಅಂಟಿರೋದು ದಕ್ಷಿಣ ಅಮೆರಿಕದ ಜಕರಂಡ, ತಬೆಬುಯ, ಮಡಗಾಸ್ಕರ್‌ನ ಗುಲ್‌ಮೊಹರ್ ಥರದ ಬಿಸಿಲು ದೇಶದ ಮರಗಳು. ಇದು ನನಗೆ ಅವರ ಬಗ್ಗೆ ತುಂಬಾ ಹಿಡಿಸಿದ ವಿಷಯ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಚಳಿ ತಾನೇ ಬೇಕಾಗಿರೋದು, ಫ್ರಿಜ್ ಇದೆಯಲ್ಲ" ಅಂದ್ರು.

ಆನ್‌ಲೈನ್‌ನಲ್ಲಿ ಮೂರು ಬೇರು ತರಿಸಿದ್ವಿ, 1,450 ರೂಪಾಯಿ. ನವೆಂಬರ್‌ನಲ್ಲಿ ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ ತರಕಾರಿ ಟ್ರೇಗೆ ಹಾಕಿದ್ರು. ಪಕ್ಕದಲ್ಲಿ ಬಾಳೆಹಣ್ಣು, ಸೇಬು ಇಡಬಾರದು, ಹಣ್ಣು ಬಿಡೋ ಎಥಿಲಿನ್ ಅನಿಲ ಮೊಗ್ಗನ್ನ ಹಾಳು ಮಾಡುತ್ತೆ. ಹಾಗಾಗಿ ಎರಡು ತಿಂಗಳು ಆ ಮನೇಲಿ ಹಣ್ಣೆಲ್ಲ ಹೊರಗೆ. ಚಿಕ್ಕಪ್ಪನ ಗೊಣಗಾಟ ಇದ್ದೇ ಇತ್ತು. ಜನವರಿಯಲ್ಲಿ ಕುಂಡಕ್ಕೆ ಬಂತು. ನೀರು ನಿಲ್ಲದ ಮಣ್ಣು, ಕಣ್ಣಿನ ಮೇಲೆ ಒಂದೇ ಇಂಚು ಮಣ್ಣು. ಆಳಕ್ಕೆ ಹೂತ್ರೆ ಎಲೆ ಬರುತ್ತೆ, ಹೂ ಬರಲ್ಲ. ಬೆಳಗಿನ ಬಿಸಿಲು ಮಾತ್ರ, ಮಧ್ಯಾಹ್ನ ನೆರಳು.

ಫೆಬ್ರವರಿಯಲ್ಲಿ ಎರಡು ಕುಂಡದಲ್ಲಿ ಕೆಂಪು ಚಿಗುರು. ನಾನು ಗೌರಿಬಿದನೂರಿನಿಂದ ಬಸ್ ಹತ್ತಿ ನೋಡೋಕೆ ಹೋಗಿದ್ದೆ. ಮಾರ್ಚ್‌ನಲ್ಲಿ ಒಂದರಲ್ಲಿ ಬಟಾಣಿ ಗಾತ್ರದ ಮೊಗ್ಗು. ಬೀದಿಯವರೆಲ್ಲ ಬಂದು ನೋಡಿದ್ರು. ಯುಗಾದಿ ಹೊತ್ತಿಗೆ ಅದು ಕಂದು ಬಣ್ಣಕ್ಕೆ ತಿರುಗಿ ಒಣಗಿಹೋಯ್ತು. ಆ ಸಂಜೆ ಚಿಕ್ಕಮ್ಮ ಫೋನ್‌ನಲ್ಲಿ ಹೆಚ್ಚು ಮಾತಾಡಲಿಲ್ಲ. ಬೋರ್ ಬತ್ತಿದ ವರ್ಷವೂ ಅವರು ಹಾಗೇ ಇದ್ರು, ನನಗೆ ಚೆನ್ನಾಗಿ ನೆನಪಿದೆ.

ಮಳೆಗಾಲದಲ್ಲಿ ಕುಂಡಗಳನ್ನ ತಗಡಿನ ಶೀಟ್ ಕೆಳಗೆ ಎಳೆದಿಟ್ಟಿದ್ರು. ಆಮೇಲೆ ಅಗೆದು ನೋಡಿದ್ರೆ ಎರಡು ಬೇರು ಕೊಳೆತಿದ್ದವು. ಒಂದು ಮಾತ್ರ ಗಟ್ಟಿಯಾಗಿತ್ತು, ಹೊಸದಾಗಿ ಮೂರು ಕಣ್ಣು ಬಂದಿತ್ತು. ಹೋದ ವಾರ ಚಿಂತಾಮಣಿಗೆ ಹೋದಾಗ ನೀರಿಗೆ ಅಂತ ಫ್ರಿಜ್ ತೆಗೆದೆ. ಕೆಳಗಿನ ಟ್ರೇಯಲ್ಲಿ ಕವರ್ ಸುತ್ತಿದ ಒಂದು ಗಂಟು, ಮೇಲೆ ಚೀಟಿ: "ಇದು ಶುಂಠಿ ಅಲ್ಲ. ಯಾರೂ ಮುಟ್ಟಬೇಡಿ." ಬಾಳೆಹಣ್ಣಿನ ಚಿಪ್ಪು ಅಡುಗೆಮನೆ ಕಟ್ಟೆ ಮೇಲಿತ್ತು.