ಕಪ್ಪು ಎಷ್ಟು ಕಪ್ಪಾಗಿರಬೇಕು?

ಕರ್ನಾಟಕದ ಹಳ್ಳಿಗಳಿಗೆ ಮೊದಲ ಟಿವಿ ಆರಿಸಿಕೊಟ್ಟವರು ಇಂಜಿನಿಯರುಗಳು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ಅದನ್ನು ಕಂಡದ್ದು ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರಿನವರು ಕಾಯುತ್ತಿದ್ದಾಗ ಜೋಳದ ಸೀಮೆಯ ಜನ ಸಂಜೆ ಕಟ್ಟೆಯ ಮೇಲೆ ಕೂತು ಉಪಗ್ರಹದಿಂದ ಇಳಿಯುವ ಚಿತ್ರ ನೋಡುತ್ತಿದ್ದರು ಎಂಬುದನ್ನು ನಾವು ಯಾಕೋ ಮರೆತಿದ್ದೇವೆ.

ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್. ಆಂಟೆನಾ ಎಂದರೆ ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ತಟ್ಟೆ. ದೂಳು, ಸೆಕೆ, ಹುಚ್ಚಾಪಟ್ಟೆ ಏರಿಳಿಯುವ ವೋಲ್ಟೇಜು, ಕರೆಂಟೇ ಇಲ್ಲದ ಊರು, ಇವನ್ನೆಲ್ಲ ತಡೆಯುವಂತೆ ಅದನ್ನು ರೂಪಿಸಬೇಕಿತ್ತು. ಒಂದು ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಸಾಗಿಸುವ ಏರ್ಪಾಡೂ ಇತ್ತು. ಇಂದು ಓಟಿಟಿಯಲ್ಲಿ 'ಭಾಷೆ' ಎಂಬ ಗುಂಡಿ ಒತ್ತುವವರಿಗೆ ಇದು ಹೊಸದಲ್ಲ ಎಂದು ಹೇಳಬೇಕು. ಅಲ್ಲಿ ನಡೆದ ಕ್ರಮ ಇಷ್ಟೇ: ಏನು ತೋರಿಸಬೇಕು, ಯಾರು ನೋಡುತ್ತಾರೆ, ಎಲ್ಲಿ ಕೂತು ನೋಡುತ್ತಾರೆ ಎಂಬುದು ಮೊದಲು, ಪೆಟ್ಟಿಗೆ ಆಮೇಲೆ.

ಈ ಕ್ರಮ ತಲೆಕೆಳಗಾದದ್ದು 1982ರಲ್ಲಿ. ಆ ವರ್ಷದ ಸ್ವಾತಂತ್ರ್ಯ ದಿನಾಚರಣೆಗೆ ಬಣ್ಣದ ಪ್ರಸಾರ ಶುರುವಾಯಿತು, ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಂತು. ವಿದೇಶದಿಂದ ಬಣ್ಣದ ಸೆಟ್ ತರಿಸಲು ಸರ್ಕಾರವೇ ದಾರಿ ಬಿಟ್ಟಿತು. ಬರುವುದು ಒಂದೇ ಚಾನೆಲ್ಲು, ಅದೂ ದಿನಕ್ಕೆ ಕೆಲವೇ ಗಂಟೆ. ಆದರೂ ಡಯನೋರಾ, ಸಾಲಿಡೇರ್, ಕ್ರೌನ್, ಒನಿಡಾ, ಬಿಪಿಎಲ್ ಎಂದು ಹೆಸರುಗಳು ಮನೆಮಾತಾದವು. ಬಣ್ಣದ್ದು ಕೊಳ್ಳಲಾಗದವರಿಗೆ ಗಾಜಿನ ಮುಂದೆ ತೂಗುಹಾಕುವ ಪ್ಲಾಸ್ಟಿಕ್ ಹಾಳೆ ಸಿಗುತ್ತಿತ್ತು: ಮೇಲೆ ನೀಲಿ, ಕೆಳಗೆ ಹಸಿರು. ಆಕಾಶ ಮೇಲೂ ಹುಲ್ಲು ಕೆಳಗೂ ಇರುವ ದೃಶ್ಯದಲ್ಲಿ ಅದು ಸೊಗಸಾಗಿಯೇ ಕಾಣುತ್ತಿತ್ತು. ವಾರ್ತೆ ಓದುವವರ ಹಣೆ ಮಾತ್ರ ನೀಲಿಯಾಗುತ್ತಿತ್ತು.

ಆ ಕಾಲದ ಟಿವಿಯಲ್ಲಿ ನಿಜವಾದ ಕಪ್ಪು ಇರಲಿಲ್ಲ. ಆರಿಸಿಟ್ಟ ಹಳೆಯ ಪಿಕ್ಚರ್ ಟ್ಯೂಬನ್ನು ನೆನಪಿಸಿಕೊಳ್ಳಿ: ಗಾಜಿನ ಬಣ್ಣ ಬೂದಿ. ಕೋಣೆಯಲ್ಲಿ ಬೆಳಕಿದ್ದರೆ ಚಿತ್ರದೊಳಗಿನ ಕತ್ತಲೆ ಆ ಬೂದಿಗಿಂತ ಗಾಢವಾಗಲು ಸಾಧ್ಯವೇ ಇಲ್ಲ. ಭಾನುವಾರ ಮಧ್ಯಾಹ್ನ ದೂರದರ್ಶನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ತೋರಿಸುತ್ತಿತ್ತು. ಮಧ್ಯಾಹ್ನದ ಬೆಳಕಿನಲ್ಲಿ, ಬೂದಿ ಗಾಜಿನ ಮೇಲೆ, 576 ಗೆರೆಗಳಲ್ಲಿ ಒಂದು ತಲೆಮಾರು ಕಪ್ಪುಬಿಳುಪಿನ ಹೊಸ ಅಲೆಯ ಸಿನಿಮಾಗಳನ್ನು ನೋಡಿ 'ಕಲಾತ್ಮಕ ಚಿತ್ರ ಎಂದರೆ ಮಸುಕು' ಎಂಬ ತೀರ್ಮಾನಕ್ಕೆ ಬಂತು. ಆ ಮಸುಕಿನಲ್ಲಿ ಛಾಯಾಗ್ರಾಹಕರ ಪಾಲಿಗಿಂತ ಗಾಜಿನ ಪಾಲು ಹೆಚ್ಚು.

ಭಾರತ ಭಾನುವಾರ ಬೆಳಿಗ್ಗೆ 'ರಾಮಾಯಣ'ಕ್ಕೆ ಕೂರಲು ಶುರುಮಾಡಿದ 1987ರಲ್ಲೇ ಅಮೆರಿಕದ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಒಂದು ಪ್ರಬಂಧ ಪ್ರಕಟಿಸಿದರು. ಸಾವಯವ ಪದಾರ್ಥದ ತೆಳುವಾದ ಪದರಗಳಿಗೆ ವಿದ್ಯುತ್ ಹಾಯಿಸಿದರೆ ಅದೇ ಬೆಳಕು ಕೊಡುತ್ತದೆ ಎಂಬುದು ಅದರ ಸಾರ. ಅದು ಟಿವಿಯಾಗಲು ಇಪ್ಪತ್ತು ವರ್ಷ ಬೇಕಾಯಿತು. 2007ರಲ್ಲಿ ಸೋನಿ ಹನ್ನೊಂದೇ ಇಂಚಿನ ಓಎಲ್‌ಇಡಿ ಟಿವಿ ಮಾರಿತು. 2013ರಲ್ಲಿ ಎಲ್‌ಜಿಯ 55 ಇಂಚಿನದು ಬಂತು. ಎಲ್‌ಸಿಡಿ ಪರದೆಯ ಹಿಂದೆ ಸದಾ ದೀಪ ಉರಿಯುತ್ತಿರುತ್ತದೆ, ಮುಂದಿನ ಬಾಗಿಲುಗಳು ಅದನ್ನು ಮುಚ್ಚಿ ಕಪ್ಪು ಮಾಡಬೇಕು, ಸಂದಿಯಲ್ಲಿ ಬೆಳಕು ಸೋರುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ದೀಪ. ಕಪ್ಪು ಬೇಕೆಂದರೆ ಆರಿಹೋಗುತ್ತದೆ, ಅಷ್ಟೇ. ಮಿನಿ ಎಲ್‌ಇಡಿ ಎಂಬುದು ನಡುವಿನ ದಾರಿ: ಹಿಂದಿನ ದೀಪವನ್ನು ನೂರಾರು, ಸಾವಿರಾರು ತುಂಡು ಮಾಡಿ ಬೇಕಾದ ಕಡೆ ಮಾತ್ರ ಮಂಕಾಗಿಸುವುದು.

ಲಕ್ಷ ರೂಪಾಯಿ ಮೇಲಿನ ಸೆಟ್ ಆರಿಸುವವರ ಮುಂದಿರುವ ಮುಖ್ಯ ಕವಲು ಇದೇ. ಇಲ್ಲಿ ಕೈಪಿಡಿಗಿಂತ ನಿಮ್ಮ ಮನೆಯೇ ಹೆಚ್ಚು ಹೇಳುತ್ತದೆ. ಕಿಟಕಿಗಳ ಬೆಳಕು ಚೆಲ್ಲುವ ಹಜಾರ, ಬೆಳಗಿನಿಂದ ರಾತ್ರಿಯವರೆಗೆ ನ್ಯೂಸ್ ಚಾನೆಲ್ ಹಚ್ಚಿಟ್ಟ ಮನೆ ಎಂದಾದರೆ ಓಎಲ್‌ಇಡಿ ಬೇಡ. ನಮ್ಮ ಸುದ್ದಿವಾಹಿನಿಗಳ ಕೆಂಪು ಪಟ್ಟಿ, ಅಲುಗದ ಲೋಗೋ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಅಲ್ಲಿನ ಚುಕ್ಕೆಗಳು ಬೇಗ ಸವೆದು ಪಟ್ಟಿಯ ನೆರಳು ಪರದೆಯಲ್ಲಿ ಉಳಿಯಬಹುದು. ಅಂಥವರಿಗೆ ಮಿನಿ ಎಲ್‌ಇಡಿ ವಾಸಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರು ಮಾತ್ರ ಓಎಲ್‌ಇಡಿಗೆ ಹಣ ಹಾಕಬೇಕು.

ಅದಕ್ಕೂ ಮುಂದೆ ಇರುವುದು ಹಳೆಯ ಪ್ರಶ್ನೆ: ಆಚೆಯಿಂದ ಬರುವುದೇನು? ಒಂದು ಕಾಲಕ್ಕೆ ಮನೆಯ ಒಬ್ಬರು ಮಾಳಿಗೆಯಲ್ಲಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುತ್ತಿದ್ದರು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರಿನಲ್ಲಿ ಪ್ರೈಮ್ ವಿಡಿಯೋ ಭಾರತಕ್ಕೆ ಬಂದ ಮೇಲೆ ಆ ಕೂಗಾಟ ನಿಂತಿತು, ಅನುಮಾನ ನಿಲ್ಲಲಿಲ್ಲ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವ ವೇಗ 15 ಎಂಬಿಪಿಎಸ್, ಅದೂ ಅತಿ ದುಬಾರಿ ಪ್ಲಾನಿನಲ್ಲಿ. 4ಕೆ ಡಿಸ್ಕಿನಲ್ಲಿ ಹರಿಯುವ ಮಾಹಿತಿ ಇದರ ಹಲವು ಪಟ್ಟು. ಕಿರಿದು ಮಾಡಿ ಕಳಿಸುವಾಗ ಮೊದಲು ಕೆಡುವುದು ಕತ್ತಲ ದೃಶ್ಯ: ನೆರಳುಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತವೆ. ಒಳ್ಳೆಯ ಪರದೆ ಅದನ್ನು ಮುಚ್ಚಿಡುವುದಿಲ್ಲ, ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಕನ್ನಡದ ನೋಡುಗರಿಗೆ ಇನ್ನೊಂದು ತೊಡಕು. ನಮ್ಮ ಹಳೆಯ ಚಿತ್ರಗಳಲ್ಲಿ ಬಹುಪಾಲು ಸಿಗುವುದು ಯೂಟ್ಯೂಬಿನಲ್ಲಿ, ಯಾವುದೋ ಸವೆದ ಟೇಪಿನಿಂದ ಇಳಿಸಿಕೊಂಡ ರೂಪದಲ್ಲಿ. 576 ಗೆರೆಗಳ ಚಿತ್ರವನ್ನು 2,160 ಸಾಲುಗಳ ಪರದೆಗೆ ಹಿಗ್ಗಿಸುವಾಗ ಉಳಿದದ್ದನ್ನು ಟಿವಿ ಊಹಿಸಿ ತುಂಬುತ್ತದೆ. ಆದ್ದರಿಂದ 8ಕೆ ಎಂಬ ಆಮಿಷಕ್ಕಿಂತ ಆ ಊಹೆಯನ್ನು ಹದವಾಗಿ ಮಾಡುವ ಪ್ರೊಸೆಸರ್ ನಮಗೆ ಮುಖ್ಯ. ಚಲನೆಯನ್ನು ನುಣುಪಾಗಿಸುವ ಸೌಕರ್ಯವನ್ನು ಮೊದಲ ದಿನವೇ ಆರಿಸಿಬಿಡಿ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಅದು ಧಾರಾವಾಹಿಯಂತೆ ಕಾಣಿಸುತ್ತದೆ. ಹಿಂದೆಯೂ ಟಿವಿ ಸಿನಿಮಾದ ಕಾಲದೊಂದಿಗೆ ಆಟವಾಡಿತ್ತು. ಪಾಲ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಚೌಕಟ್ಟು ಓಡಿಸುತ್ತಿದ್ದುದರಿಂದ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತಿತ್ತು.

2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'ದ 4ಕೆ ಪ್ರತಿ ತೆರೆಕಂಡಿತು. 1977ರ ಈ ಕಪ್ಪುಬಿಳುಪು ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಸಂಸ್ಥೆ ಜೊತೆಗೂಡಿ ಉಳಿಸಿಕೊಂಡವು. ಎಸ್. ರಾಮಚಂದ್ರ ಸೆರೆಹಿಡಿದ ಮಲೆನಾಡಿನ ಮನೆಯ ಒಳಗತ್ತಲೆ, ಕಾಡಿನ ಇರುಳು ಬೂದಿಯಾಗದೆ ಕಾಣಲು ಎರಡು ಬೇಕು: ಹೀಗೆ ತೊಳೆದು ನೇರ್ಪು ಮಾಡಿದ ಪ್ರತಿ, ಆರಿಹೋಗಬಲ್ಲ ಪರದೆ. ಪರದೆ ಇಂದು ಕಂತಿನಲ್ಲಿ ಸಿಗುತ್ತದೆ. 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 28ರಿಂದ 18ಕ್ಕೆ ಇಳಿದಿದೆ ಕೂಡ. ಪ್ರತಿಗಳ ಲೆಕ್ಕ ಹಾಕಲು ಹೋದರೆ ಬೆರಳುಗಳೇ ಹೆಚ್ಚಾಗುತ್ತವೆ.