ಕನ್ನಡ ಸಾಹಿತ್ಯ ಮತ್ತು ಚಲನಚಿತ್ರಗಳಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಿರುವ ಪಾತ್ರಗಳು

ಯುದ್ಧ, ಹಿಂಸೆ, ಲೈಂಗಿಕ ಶೋಷಣೆ, ಆಪ್ತರ ಹಠಾತ್ ಅಗಲಿಕೆ ಮೊದಲಾದ ಘಟನೆಗಳ ನಂತರ ಮನಸ್ಸಿನಲ್ಲಿ ಉಳಿಯುವ ಗಾಯವನ್ನು ಚಿತ್ರಿಸುವ ಹಲವು ಪಾತ್ರಗಳು ಕನ್ನಡ ಕಾವ್ಯ, ನಾಟಕ, ಕಾದಂಬರಿ ಮತ್ತು ಚಲನಚಿತ್ರಗಳಲ್ಲಿವೆ. ಹತ್ತನೆಯ ಶತಮಾನದ ರನ್ನನ ದುರ್ಯೋಧನನಿಂದ ಹಿಡಿದು 2022ರ 'ಕಾಂತಾರ' ಚಿತ್ರದ ಶಿವನವರೆಗೆ ಇಂತಹ ಪಾತ್ರಗಳನ್ನು ಗುರುತಿಸಬಹುದು. ಇವುಗಳಲ್ಲಿ ಕೆಲವು 'ಆಘಾತೋತ್ತರ ಒತ್ತಡದ ಕಾಯಿಲೆ' ಎಂಬ ವೈದ್ಯಕೀಯ ಹೆಸರು ರೂಢಿಗೆ ಬರುವ ಮೊದಲೇ ರಚನೆಯಾದವು. ಆದ್ದರಿಂದ ಈ ಲೇಖನದಲ್ಲಿ 'ಲಕ್ಷಣ' ಎಂಬ ಪದವನ್ನು ಹೋಲಿಕೆಯ ಅರ್ಥದಲ್ಲಿ ಬಳಸಲಾಗಿದೆ, ಅದು ರೋಗನಿರ್ಣಯವಲ್ಲ.

ಪರಿಭಾಷೆ ಮತ್ತು ಮಾನದಂಡಗಳು

ಮೊದಲ ಮಹಾಯುದ್ಧದ ಸೈನಿಕರಲ್ಲಿ ಕಂಡುಬಂದ ನಡುಕ, ಮೂಕತನ ಹಾಗೂ ದುಃಸ್ವಪ್ನಗಳನ್ನು 'ಷೆಲ್ ಶಾಕ್' ಎಂದು ಕರೆಯಲಾಗುತ್ತಿತ್ತು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಈ ಪದವನ್ನು ವೈದ್ಯಕೀಯ ಬರಹದಲ್ಲಿ ಬಳಸಿದನು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯಕೀಯ ಸಂಘವು ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು.

2013ರ ಐದನೆಯ ಆವೃತ್ತಿಯ ಪ್ರಕಾರ ಸಾವು, ತೀವ್ರ ಗಾಯ ಅಥವಾ ಲೈಂಗಿಕ ಹಿಂಸೆಯನ್ನು ವ್ಯಕ್ತಿಯು ಅನುಭವಿಸಿರಬೇಕು ಅಥವಾ ಕಣ್ಣಾರೆ ಕಂಡಿರಬೇಕು. ಆಪ್ತರಿಗೆ ಹಾಗಾದದ್ದನ್ನು ತಿಳಿದಿರುವುದನ್ನೂ ಕೆಲವು ಸಂದರ್ಭಗಳಲ್ಲಿ ಪರಿಗಣಿಸಲಾಗುತ್ತದೆ. ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ:

1. ನೆನಪುಗಳು ಬೇಡವೆಂದರೂ ಮರುಕಳಿಸುವುದು, ದುಃಸ್ವಪ್ನಗಳು.
2. ಘಟನೆಯನ್ನು ನೆನಪಿಸುವ ಸ್ಥಳ, ವ್ಯಕ್ತಿ ಮತ್ತು ಸಂದರ್ಭಗಳಿಂದ ದೂರ ಉಳಿಯುವುದು.
3. ಅಪರಾಧಪ್ರಜ್ಞೆ, ನಿರಾಸಕ್ತಿ, ತನ್ನವರಿಂದಲೇ ದೂರವಾದ ಭಾವ.
4. ನಿದ್ರಾಹೀನತೆ, ಬೆಚ್ಚಿಬೀಳುವುದು, ಸಿಟ್ಟಿನ ಸ್ಫೋಟ.

ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದು ದೈನಂದಿನ ಬದುಕಿಗೆ ಅಡ್ಡಿಯಾದಾಗ ಮಾತ್ರ ಕಾಯಿಲೆಯೆಂದು ಪರಿಗಣಿಸಲಾಗುತ್ತದೆ.

ಹಳಗನ್ನಡ ಕಾವ್ಯ: ರನ್ನನ ದುರ್ಯೋಧನ

ಕವಿ ರನ್ನನು 949ರಲ್ಲಿ ಮುಧೋಳದಲ್ಲಿ ಜನಿಸಿದನು. ಹಿಂದೆ ಅವಿಭಜಿತ ಬಿಜಾಪುರ ಜಿಲ್ಲೆಯಲ್ಲಿದ್ದ ಈ ಊರು, 1997ರಲ್ಲಿ ಜಿಲ್ಲೆಯ ವಿಭಜನೆಯಾದ ನಂತರ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಚಾಲುಕ್ಯರ ಆಶ್ರಯದಲ್ಲಿ ರನ್ನನು ರಚಿಸಿದ 'ಸಾಹಸಭೀಮ ವಿಜಯ' ಎಂಬ ಚಂಪೂಕಾವ್ಯ 'ಗದಾಯುದ್ಧ' ಎಂದೇ ಪ್ರಸಿದ್ಧವಾಗಿದೆ.

ಕಾವ್ಯದ ಕಥೆ ನಡೆಯುವುದು ಕುರುಕ್ಷೇತ್ರ ಯುದ್ಧದ ಕೊನೆಯ ದಿನ. ಭೀಷ್ಮನನ್ನು ಕಾಣಲು ಸಂಜಯನೊಂದಿಗೆ ಹೊರಟ ದುರ್ಯೋಧನನು ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಾಗುತ್ತದೆ. ರಣರಂಗದ ಮರುಳುಗಳು ಅವನನ್ನು ಹಂಗಿಸುತ್ತವೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಕಳೇಬರಗಳ ಮುಂದೆ ನಿಂತು ಅವನು ಶೋಕಿಸುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ತನಗಾಗಿ ಇತರರು ಸತ್ತಿರುವಾಗ ತಾನು ಉಳಿದಿರುವೆನೆಂಬ ಭಾವ ಈ ಭಾಗದಲ್ಲಿ ಪ್ರಬಲವಾಗಿದೆ. ತಂದೆತಾಯಿ ಮತ್ತು ಭೀಷ್ಮರು ಸಂಧಿಯ ಮಾತನಾಡಿದರೂ ಅವನು ಅದನ್ನು ಒಪ್ಪುವುದಿಲ್ಲ. ಮಡಿದವರ ನೆನಪೇ ಅವನನ್ನು ಮತ್ತೆ ಯುದ್ಧದತ್ತ ನೂಕುತ್ತದೆ.

ಈ ಕಾವ್ಯದ ನಿರೂಪಣೆಯನ್ನು 'ಸಿಂಹಾವಲೋಕನ ಕ್ರಮ' ಎಂದು ಕರೆಯುತ್ತಾರೆ. ಒಂದು ದಿನದ ಘಟನೆಗಳೊಳಗೆ ಇಡೀ ಭಾರತದ ಕಥೆ ಪಾತ್ರಗಳ ನೆನಪು ಮತ್ತು ಮಾತುಗಳ ಮೂಲಕ ಮರಳಿ ಬರುತ್ತದೆ. ದ್ರೌಪದಿಯ ಪಾತ್ರದಲ್ಲಿಯೂ ಇದನ್ನು ಕಾಣಬಹುದು. ಸಭೆಯಲ್ಲಾದ ಅವಮಾನವು ಹದಿಮೂರು ವರ್ಷಗಳ ನಂತರವೂ ಆಕೆಯ ಬಿಚ್ಚಿದ ಮುಡಿಯಲ್ಲಿ ಜೀವಂತವಾಗಿರುತ್ತದೆ.

ಆದರೆ ವೈದ್ಯಕೀಯ ಮಾನದಂಡದ ಪ್ರಕಾರ ದುರ್ಯೋಧನನ ಸ್ಥಿತಿಯನ್ನು ಆಘಾತೋತ್ತರ ಕಾಯಿಲೆ ಎನ್ನಲಾಗದು. ಯುದ್ಧ ನಡೆದದ್ದು ಕೇವಲ ಹದಿನೆಂಟು ದಿನ. ಕರ್ಣ, ದುಶ್ಶಾಸನರು ಮಡಿದದ್ದು ಹಿಂದಿನ ದಿನವಷ್ಟೇ. ಇದನ್ನು ತೀವ್ರ ಶೋಕ ಮತ್ತು ತತ್ಕ್ಷಣದ ಆಘಾತದ ಪ್ರತಿಕ್ರಿಯೆ ಎಂದು ಪರಿಗಣಿಸುವುದು ಹೆಚ್ಚು ಸೂಕ್ತ.

ಆಧುನಿಕ ನಾಟಕಗಳು

ಕುವೆಂಪು ಅವರ 'ಸ್ಮಶಾನ ಕುರುಕ್ಷೇತ್ರಂ' ನಾಟಕವು ಅದೇ ರಣರಂಗವನ್ನು ಯುದ್ಧ ಮುಗಿದ ನಂತರದ ದೃಷ್ಟಿಯಿಂದ ನೋಡುತ್ತದೆ. ಇಲ್ಲಿ ಗೆಲುವಿಗಿಂತ ಉಳಿದವರ ದುಃಖಕ್ಕೆ ಪ್ರಾಧಾನ್ಯವಿದೆ.

ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದ ಸುಲ್ತಾನನು ಹಿಂಸೆಗೆ ಒಳಗಾದವನಲ್ಲ, ಹಿಂಸೆಯನ್ನು ಎಸಗಿದವನು. ಆದರ್ಶಗಳೊಂದಿಗೆ ಆಳ್ವಿಕೆ ಆರಂಭಿಸಿದ ಅವನು ವಿರೋಧಿಗಳನ್ನು ಕೊಲ್ಲಿಸುತ್ತಾನೆ. ಕೊನೆಗೆ ತನ್ನ ಮಲತಾಯಿಗೂ ಮರಣದಂಡನೆ ವಿಧಿಸುತ್ತಾನೆ. ದೌಲತಾಬಾದಿನ ಕೋಟೆಯಲ್ಲಿ ನಿದ್ರೆ ಬಾರದೆ ರಾತ್ರಿ ಕಳೆಯುವ ಅವನು, ನಾಟಕದ ಅಂತ್ಯದಲ್ಲಿ ಸಿಂಹಾಸನದ ಮೇಲೆಯೇ ನಿದ್ರಿಸಿ ದಿಗ್ಭ್ರಮೆಯಿಂದ ಎಚ್ಚರಗೊಳ್ಳುತ್ತಾನೆ. ತನ್ನ ಕೃತ್ಯಗಳೇ ತನ್ನನ್ನು ಕಾಡುವ ಇಂತಹ ಸ್ಥಿತಿಯನ್ನು ಇಂದಿನ ಮನೋವಿಜ್ಞಾನದಲ್ಲಿ 'ನೈತಿಕ ಗಾಯ' ಎಂದು ಪ್ರತ್ಯೇಕವಾಗಿ ಚರ್ಚಿಸಲಾಗುತ್ತದೆ.

ಕಾದಂಬರಿ, ಕಥೆ ಮತ್ತು ಚಲನಚಿತ್ರಗಳು

ಕಾವೇರಿ ('ಶರಪಂಜರ'): ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿ (1928–1963) ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಈ ಚಿತ್ರವನ್ನು ನಿರ್ದೇಶಿಸಿದರು. ಕಾವೇರಿಯಾಗಿ ಕಲ್ಪನಾ ನಟಿಸಿದ್ದಾರೆ. ಹೆರಿಗೆಯ ನಂತರ ಕಾವೇರಿಯ ಮಾನಸಿಕ ಸಮತೋಲನ ತಪ್ಪುತ್ತದೆ. ವಿವಾಹಪೂರ್ವದ ಕಹಿ ಘಟನೆಯೊಂದರ ನೆನಪು ಮತ್ತು ಅಪರಾಧಪ್ರಜ್ಞೆ ಆಗ ಹೊರಬರುತ್ತವೆ. ವೈದ್ಯಕೀಯವಾಗಿ ಇದು ಬಾಣಂತಿಯರಲ್ಲಿ ಕಾಣುವ ಮನೋವಿಕಲತೆಗೆ ಹತ್ತಿರವಾದರೂ, ಹಳೆಯ ಆಘಾತವು ಹೊಸ ಒತ್ತಡದಲ್ಲಿ ಮರುಕಳಿಸುವ ಬಗೆಯಿಂದಾಗಿ ಈ ಪಾತ್ರ ಇಲ್ಲಿ ಪ್ರಸ್ತುತವಾಗಿದೆ. ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡ ಮತ್ತು ಸುತ್ತಲಿನವರು ಸಂದೇಹದಿಂದಲೇ ನೋಡುತ್ತಾರೆ. ಅವಳ ಸಹಜ ನಗು, ಸಿಟ್ಟು ಕೂಡ ಹುಚ್ಚಿನ ಗುರುತಾಗುತ್ತವೆ. ಅವಳು ಮತ್ತೆ ಕುಸಿಯುವುದಕ್ಕೆ ಕಾಯಿಲೆಯಷ್ಟೇ ಈ ವರ್ತನೆಯೂ ಕಾರಣವೆಂದು ಕಥೆ ಸೂಚಿಸುತ್ತದೆ.

ನಾಣಿ ('ಘಟಶ್ರಾದ್ಧ'): ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ನಿರ್ದೇಶಿಸಿದ ಈ ಚಿತ್ರ, ಅತ್ಯುತ್ತಮ ಚಿತ್ರಕ್ಕಾಗಿ ನೀಡುವ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ವೇದಪಾಠಕ್ಕೆ ಬಂದ ಬಾಲಕ ನಾಣಿಗೆ ಆಸರೆಯಾಗುವವಳು ವಿಧವೆ ಯಮುನೆ. ಅವಳ ಬಸಿರು, ಆತ್ಮಹತ್ಯೆಯ ಪ್ರಯತ್ನ ಹಾಗೂ ಬದುಕಿರುವಾಗಲೇ ಆಕೆಗೆ ನಡೆಯುವ ಶ್ರಾದ್ಧಕ್ಕೆ ಅವನು ಸಾಕ್ಷಿಯಾಗುತ್ತಾನೆ. ಬಹಿಷ್ಕೃತಳಾದ ಅವಳನ್ನು ಬಿಟ್ಟು ಅವನು ತಂದೆಯೊಂದಿಗೆ ಹೊರಡುವಲ್ಲಿ ಚಿತ್ರ ಮುಗಿಯುತ್ತದೆ. ನಾಣಿಯ ಮುಂದಿನ ಬದುಕನ್ನು ಚಿತ್ರ ತೋರಿಸದ ಕಾರಣ ಅವನಿಗೆ ಕಾಯಿಲೆಯಿತ್ತೆಂದು ಹೇಳಲಾಗದು. ನೋಡುವುದೂ ಆಘಾತವಾಗಬಲ್ಲದು ಎಂಬುದಕ್ಕೆ ಅವನ ಪಾತ್ರ ನಿದರ್ಶನವಾಗಿದೆ.

ಶಿವ ('ಕಾಂತಾರ'): 2022ರಲ್ಲಿ ಬಿಡುಗಡೆಯಾದ ಈ ಚಿತ್ರವನ್ನು ರಿಷಬ್ ಶೆಟ್ಟಿ ನಿರ್ದೇಶಿಸಿ ಶಿವನಾಗಿ ನಟಿಸಿದ್ದಾರೆ. ಕೋಲದ ರಾತ್ರಿ ದೈವನರ್ತಕನಾದ ತಂದೆ ಕಾಡಿನಲ್ಲಿ ಕಣ್ಮರೆಯಾಗುವುದನ್ನು ಶಿವ ಬಾಲ್ಯದಲ್ಲಿಯೇ ಕಂಡವನು. ದೊಡ್ಡವನಾದ ಮೇಲೆ ಅವನು ಕೋಲ ಕಟ್ಟುವುದರಿಂದ ದೂರ ಉಳಿಯುತ್ತಾನೆ; ಕನಸಿನಲ್ಲಿ ಬರುವ ಹಂದಿ ಮತ್ತು ದೈವದ ರೂಪದಿಂದ ಬೆಚ್ಚಿ ಏಳುತ್ತಾನೆ; ಬೇಗನೆ ಸಿಟ್ಟಿಗೇಳುತ್ತಾನೆ. ದುಃಸ್ವಪ್ನ, ದೂರ ಉಳಿಯುವಿಕೆ ಮತ್ತು ಸಿಟ್ಟು ಮೇಲಿನ ಗುಂಪುಗಳಿಗೆ ಹೊಂದುತ್ತವೆ. ತುಳುನಾಡಿನ ನಂಬಿಕೆಯ ನೆಲೆಯಲ್ಲಿ ಇದೇ ಕನಸುಗಳು ದೈವದ ಕರೆಯಾಗಿವೆ. ಚಿತ್ರವು ಈ ಎರಡನೆಯ ಅರ್ಥವನ್ನೇ ಅನುಸರಿಸುತ್ತದೆ.

ಹೋಲಿಕೆಗಳು

ಇಂಗ್ಲಿಷ್ ಸಾಹಿತ್ಯದಲ್ಲಿ ವರ್ಜೀನಿಯಾ ವುಲ್ಫ್ ಅವರ 'ಮಿಸೆಸ್ ಡಾಲೊವೆ' (1925) ಕಾದಂಬರಿಯ ಸೆಪ್ಟಿಮಸ್ ಸ್ಮಿತ್, ಯುದ್ಧದಿಂದ ಮರಳಿದ ಸೈನಿಕನ ಪ್ರಸಿದ್ಧ ಪಾತ್ರ. ವೈದ್ಯರು ಅವನ ಸಂಕಟವನ್ನು ಅರಿಯದೆ ಹೋಗುತ್ತಾರೆ. ಅಮೆರಿಕದ ಮನೋವೈದ್ಯ ಜೊನಾಥನ್ ಶೇ 'ಅಕಿಲೀಸ್ ಇನ್ ವಿಯೆಟ್ನಾಂ' (1994) ಕೃತಿಯಲ್ಲಿ ಹೋಮರನ 'ಇಲಿಯಡ್' ಕಾವ್ಯದ ಅಕಿಲೀಸನನ್ನು ವಿಯೆಟ್ನಾಂ ಯೋಧರ ಅನುಭವಗಳೊಂದಿಗೆ ಹೋಲಿಸಿದರು. ಗೆಳೆಯನನ್ನು ಕಳೆದುಕೊಂಡ ಅಕಿಲೀಸನ ಶೋಕ ಮತ್ತು ಕ್ರೋಧವನ್ನು ಕರ್ಣನನ್ನು ಕಳೆದುಕೊಂಡ ರನ್ನನ ದುರ್ಯೋಧನನ ಸ್ಥಿತಿಯೊಂದಿಗೆ ಇಟ್ಟು ನೋಡಬಹುದು.

ಮಿತಿಗಳು

ಕಾಲ್ಪನಿಕ ಪಾತ್ರಕ್ಕೆ ರೋಗನಿರ್ಣಯ ಮಾಡುವುದರಲ್ಲಿ ಸ್ಪಷ್ಟ ಮಿತಿಗಳಿವೆ. ಲೇಖಕರು ಹೇಳದೆ ಬಿಟ್ಟದ್ದನ್ನು ಪಾತ್ರದಿಂದ ಕೇಳಿ ತಿಳಿಯಲಾಗದು. ಶೋಕ, ಪ್ರತಿಜ್ಞೆ, ದೈವಾವೇಶ, ಪಶ್ಚಾತ್ತಾಪ ಇವುಗಳಿಗೆ ತಮ್ಮದೇ ಸಾಂಸ್ಕೃತಿಕ ಅರ್ಥಗಳಿವೆ. ಅವೆಲ್ಲವನ್ನೂ ಕಾಯಿಲೆ ಎನ್ನುವುದರಿಂದ ಕೃತಿಯ ಅರ್ಥ ಸಂಕುಚಿತವಾಗುತ್ತದೆ. ಇನ್ನೊಂದೆಡೆ, ಆಘಾತಕ್ಕೆ ಒಳಗಾದವರನ್ನು 'ಹುಚ್ಚು ಹಿಡಿದವರು', 'ಗಾಳಿ ಸೋಕಿದವರು' ಎಂದು ದೂರವಿಡುವ ರೂಢಿಯನ್ನು ಇಂತಹ ಪಾತ್ರಗಳು ಪ್ರಶ್ನಿಸುತ್ತವೆ. ಚಿಕಿತ್ಸೆಯ ನಂತರವೂ ಮನೆಯವರ ನಂಬಿಕೆಯನ್ನು ಮರಳಿ ಪಡೆಯಲಾಗದ ಕಾವೇರಿಯ ಕಥೆ ಇದಕ್ಕೆ ಉದಾಹರಣೆಯಾಗಿದೆ.