ಪ್ರವಚನ, ಸ್ವಾಧ್ಯಾಯದ ಪಾಡ್‌ಕಾಸ್ಟ್: ಧ್ವನಿ ಸ್ಪಷ್ಟವಾಗಿ, ಸಮನಾಗಿ ಕೇಳಿಸಲು ಏನು ಮಾಡಬೇಕು

ಚಾತುರ್ಮಾಸದ ಪ್ರವಚನ, ದಶಲಕ್ಷಣ ಪರ್ವದ ಉಪನ್ಯಾಸ, ಮನೆಯ ಸ್ವಾಧ್ಯಾಯ ಇವುಗಳನ್ನು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಹಂಚುವುದು ಈಗ ರೂಢಿಯಾಗಿದೆ. ಬಸದಿಗೆ ಬರಲಾಗದ ಹಿರಿಯರಿಗೆ, ಬೇರೆ ಊರಿನಲ್ಲಿರುವ ಮಕ್ಕಳಿಗೆ ಧರ್ಮಶ್ರವಣದ ದಾರಿ ಇದೇ. ಧ್ವನಿ ಅಸ್ಪಷ್ಟವಾಗಿದ್ದರೆ ಆ ದಾರಿಯೂ ಮುಚ್ಚಿದಂತೆ. ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ್ದು ಎಲ್ಲರಿಗೂ ತಿಳಿದದ್ದು. ಶಾಸ್ತ್ರದಾನದಲ್ಲಿ ಅಕ್ಷರ ಓದುವಂತಿರಬೇಕು. ಧ್ವನಿಯ ದಾನದಲ್ಲಿ ಮಾತು ತಿಳಿಯುವಂತಿರಬೇಕು.

ಮೊದಲು ಅನುಮತಿ

ಸ್ಥಾನಕವಾಸಿ ಪರಂಪರೆಯ ಹಲವು ಸಾಧು-ಸಾಧ್ವಿಯರು ತೇಜಸ್ಕಾಯಿಕ, ವಾಯುಕಾಯಿಕ ಜೀವಗಳ ಹಿಂಸೆಯನ್ನು ತಪ್ಪಿಸಲು ಮೈಕ್ ಬಳಸುವುದಿಲ್ಲ. ಬೇರೆ ಪರಂಪರೆಗಳಲ್ಲೂ ಅಭಿಪ್ರಾಯ ಒಂದೇ ಬಗೆಯಾಗಿಲ್ಲ. ಆದ್ದರಿಂದ ಸಂಘದ ಹಿರಿಯರ ಮೂಲಕ ಮುಂಚೆಯೇ ಕೇಳಬೇಕು. ಒಪ್ಪಿಗೆ ಇಲ್ಲದಿದ್ದರೆ ಫೋನನ್ನು ಮರೆಮಾಡಿ ಇಡುವುದು ಸರಿಯಲ್ಲ. ಶ್ರಾವಕರೊಬ್ಬರು ಸಾರಾಂಶ ಬರೆದುಕೊಂಡು, ಅದನ್ನು ಹಂಚಲು ಗುರುಗಳ ಒಪ್ಪಿಗೆ ಪಡೆದು, ಮನೆಯಲ್ಲಿ ತಮ್ಮ ಧ್ವನಿಯಲ್ಲಿ ಓದಿ ರೆಕಾರ್ಡ್ ಮಾಡಬಹುದು.

ವಾಲ್ಯೂಮ್ ಏರಿಸಿದರೆ ಸಾಲದು

ಮೈಕ್ ಮತ್ತು ಬಾಯಿಯ ನಡುವಿನ ದೂರ ಇಮ್ಮಡಿಯಾದಾಗಲೆಲ್ಲ ನೇರ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. 15 ಸೆಂಟಿಮೀಟರ್ ದೂರದಲ್ಲಿರಬೇಕಾದ ಮೈಕ್ 120 ಸೆಂಟಿಮೀಟರ್ ದೂರದಲ್ಲಿದ್ದರೆ ನಷ್ಟ ಸುಮಾರು 18 ಡೆಸಿಬಲ್. ಫ್ಯಾನ್, ರಸ್ತೆಯ ಸದ್ದು, ಸಭಾಂಗಣದ ಪ್ರತಿಧ್ವನಿ ಮಾತ್ರ ಇದ್ದಷ್ಟೇ ಇರುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ 18 ಡೆಸಿಬಲ್ ಏರಿಸಿದರೆ ಗದ್ದಲವೂ ಅಷ್ಟೇ ಏರುತ್ತದೆ. ಹಾಗಾಗಿ ಮೈಕ್ ಹತ್ತಿರ ತರುವುದೇ ಮೊದಲ ಕೆಲಸ. ವಾಲ್ಯೂಮ್ ಸರಿಪಡಿಸುವುದು ಕೊನೆಯದು.

ಗೃಹಸ್ಥ ಉಪನ್ಯಾಸಕರಿಗೆ ಕಾಲರ್ ಮೈಕ್ ಒಳ್ಳೆಯದು. ಮುನಿಗಳಿಗೆ ಅದು ಹೊಂದುವುದಿಲ್ಲ. ಒಪ್ಪಿಗೆ ಇದ್ದರೆ ಎದುರಿನ ಮೇಜಿನ ಮೇಲೆ ಸಣ್ಣ ಸ್ಟ್ಯಾಂಡಿನಲ್ಲಿ, 20ರಿಂದ 30 ಸೆಂಟಿಮೀಟರ್ ಅಂತರದಲ್ಲಿ, ಬಾಯಿಗೆ ಸ್ವಲ್ಪ ಓರೆಯಾಗಿ ಮೈಕ್ ಇಡಬಹುದು. ಸಭಾಂಗಣದಲ್ಲಿ ಧ್ವನಿವರ್ಧಕ ಇದ್ದರೆ ಅದರ ಸ್ಪೀಕರ್ ಮುಂದೆ ಫೋನ್ ಇಡಬಾರದು. ಮಿಕ್ಸರ್‌ನ ರೆಕಾರ್ಡ್ ಔಟ್‌ನಿಂದ ರೆಕಾರ್ಡರ್‌ನ ಲೈನ್ ಇನ್‌ಗೆ ತಂತಿ ಎಳೆದರೆ ಪ್ರತಿಧ್ವನಿ ಬಹಳ ಕಡಿಮೆಯಾಗುತ್ತದೆ.

ಜಾಗ ಮತ್ತು ಹೊತ್ತು

ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಎತ್ತರದ ಹಳಿಯ ಮೇಲೆ ಓಡುತ್ತದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಬಿ.ಟಿ.ಎಂ. ಲೇಔಟ್ ಮೂಲಕ ಹೋಗುತ್ತದೆ. ಈ ಮಾರ್ಗಗಳ ಬಳಿಯ ಮನೆಗಳಲ್ಲಿ ರಸ್ತೆಯ ಕಡೆಯ ಕೋಣೆ ಬೇಡ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಬೀರು ಇರುವ ಒಳಕೋಣೆ ಪ್ರತಿಧ್ವನಿಯನ್ನು ಹೀರುತ್ತದೆ. ಗ್ರಾನೈಟ್ ನೆಲದ ಖಾಲಿ ಹಾಲ್ ಅದನ್ನು ಹೆಚ್ಚಿಸುತ್ತದೆ. ಕುಕ್ಕರಿನ ಸೀಟಿ, ಬೀದಿಯ ಹಾರ್ನ್ ಶುರುವಾಗುವ ಮುಂಚಿನ ಬೆಳಗಿನ ಹೊತ್ತು ಒಳ್ಳೆಯದು. ಭಾದ್ರಪದದ ಪರ್ವಗಳು ಮಳೆಗಾಲದಲ್ಲೇ ಬರುತ್ತವೆ. ತಗಡಿನ ಚಪ್ಪರದ ಮೇಲೆ ಮಳೆ ಬಿದ್ದ ಸದ್ದನ್ನು ಯಾವ ತಂತ್ರಾಂಶವೂ ಪೂರ್ತಿ ತೆಗೆಯಲಾರದು.

ರೆಕಾರ್ಡ್ ಮಾಡುವಾಗ

• ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಫ್ಯಾನ್ ನಿಲ್ಲಿಸಿ.
• ಸಾಧ್ಯವಿದ್ದರೆ ವೇವ್ ಫೈಲ್, 48 ಕಿಲೋಹರ್ಟ್ಸ್ ಆಯ್ಕೆ ಮಾಡಿ.
• ಮೀಟರ್‌ನಲ್ಲಿ ಧ್ವನಿ ಹೆಚ್ಚಿನ ಹೊತ್ತು ಮೈನಸ್ 18ರ ಆಸುಪಾಸು, ಗಟ್ಟಿ ಮಾತಿನಲ್ಲೂ ಮೈನಸ್ 6 ದಾಟದಂತೆ ಗೇನ್ ಇರಲಿ. ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ. ಒಡೆದದ್ದನ್ನು ಆಮೇಲೆ ಸರಿಪಡಿಸುವುದು ಕಷ್ಟ.
• ಮಾತು ಆರಂಭಿಸುವ ಮುಂಚೆ 10 ಸೆಕೆಂಡು ಮೌನವನ್ನೂ ರೆಕಾರ್ಡ್ ಮಾಡಿ.

ಆಮೇಲಿನ ಕೆಲಸ

ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಮೂಲ ಫೈಲನ್ನು ಹಾಗೇ ಉಳಿಸಿಕೊಂಡು ಪ್ರತಿಯ ಮೇಲೆ ಈ ಕ್ರಮದಲ್ಲಿ ಕೆಲಸ ಮಾಡಬೇಕು.

1. ಹೈ-ಪಾಸ್ ಫಿಲ್ಟರ್, 80 ಹರ್ಟ್ಸ್. ವಾಹನಗಳ ಗುಡುಗುಡು, ವಿದ್ಯುತ್ತಿನ 50 ಹರ್ಟ್ಸ್ ಗುಂಯ್ ಸದ್ದು ತಗ್ಗುತ್ತದೆ.
2. ನಾಯ್ಸ್ ರಿಡಕ್ಷನ್. 10 ಸೆಕೆಂಡಿನ ಮೌನವನ್ನು ಮಾದರಿಯಾಗಿ ಕೊಟ್ಟು 6ರಿಂದ 10 ಡೆಸಿಬಲ್ ಮಾತ್ರ. ಹೆಚ್ಚಾದರೆ ಸ, ಶ, ಷ ಮಸುಕಾಗುತ್ತವೆ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಎತ್ತರದ ಸ್ವರಗಳನ್ನೇ. ಪ್ರಾಕೃತ ಗಾಹೆ, ಸಂಸ್ಕೃತ ಶ್ಲೋಕಗಳ ಉಚ್ಚಾರಣೆಗೂ ಇವು ಬೇಕು.
3. ಕಂಪ್ರೆಸರ್, ಅನುಪಾತ 2:1 ಅಥವಾ 3:1. ಪಿಸುಮಾತಿಗೂ ಗಟ್ಟಿ ಮಾತಿಗೂ ಇರುವ ಅಂತರ ಕಡಿಮೆಯಾಗುತ್ತದೆ.
4. ಲೌಡ್‌ನೆಸ್ ನಾರ್ಮಲೈಸೇಷನ್, ಮೈನಸ್ 16 ಎಲ್‌ಯುಎಫ್‌ಎಸ್. ಆ್ಯಪಲ್ ಪಾಡ್‌ಕಾಸ್ಟ್ ಸೂಚಿಸುವ ಮಟ್ಟವೂ ಇದೇ. ಕೊನೆಗೆ ಲಿಮಿಟರ್ ಹಾಕಿ ಶಿಖರವನ್ನು ಮೈನಸ್ 1 ಡೆಸಿಬಲ್ ಒಳಗೆ ಇಡಬೇಕು.

ದಶಲಕ್ಷಣದ ಹತ್ತೂ ದಿನಗಳ ಫೈಲುಗಳಿಗೆ ಇದೇ ಮಟ್ಟ ಇರಲಿ. ಉತ್ತಮ ಕ್ಷಮೆಯ ದಿನ ಸಣ್ಣಗೆ, ಉತ್ತಮ ಮಾರ್ದವದ ದಿನ ಕಿವಿಗಡಚಿಕ್ಕುವಂತೆ ಕೇಳಿಸಿದರೆ ಹಿರಿಯರು ಪ್ರತಿ ಸಲ ಬಟನ್ ಹುಡುಕಬೇಕಾಗುತ್ತದೆ.

ಹಂಚುವುದು, ಉಳಿಸುವುದು

ಮಾತಿಗೆ ಮೋನೊ ಎಂಪಿ3, 64 ಕೆಬಿಪಿಎಸ್ ಸಾಕು. 45 ನಿಮಿಷದ ಪ್ರವಚನ ಸುಮಾರು 22 ಎಂಬಿ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಹಾಗೇ ಉಳಿಯುತ್ತದೆ. ಮೂಲ ವೇವ್ ಫೈಲನ್ನು ದಿನಾಂಕ, ಸ್ಥಳ, ವಿಷಯ ಬರೆದು ಎರಡು ಕಡೆ ಇಡಬೇಕು. ಹಂಚುವ ಮುಂಚೆ ಹೆಡ್‌ಫೋನಿನಲ್ಲಿ ಅಲ್ಲ, ಸಾಧಾರಣ ಫೋನಿನ ಸ್ಪೀಕರ್‌ನಲ್ಲಿ ಮನೆಯ ಹಿರಿಯರೊಬ್ಬರಿಗೆ ಐದು ನಿಮಿಷ ಕೇಳಿಸಬೇಕು. ಅವರಿಗೆ ಮಾತು ತಿಳಿದರೆ ಫೈಲ್ ಸಿದ್ಧವಾದಂತೆ.